ನುಣಾ ಎಲೆಯ ವೈದ್ಯರು

ಏಕಾಂಬರಂ ನಮ್ಮ ವೆಳ್ಳಾಂಪಟ್ಟಿ ಸ್ಟೇಷನ್ನಿಗೆ ಟಿಕೆಟ್ ಗುಮಾಸ್ತರಾಗಿ ಬಂದಾಗ ಅವರಿಗೆ ವೈದ್ಯ ಗೊತ್ತಿರಲಿಲ್ಲ. ಊರು ಬಿಟ್ಟು ಹೋಗುವಾಗಲೂ ಗೊತ್ತಿರಲಿಲ್ಲ. ನಡುವೆ ಒಂದಷ್ಟು ವಾರ ಮಾತ್ರ ಕೋವಿಲ್‌ಪಟ್ಟಿಯಿಂದ ಶಂಕರನ್‌ಕೋವಿಲ್‌ವರೆಗೆ ಅವರ ಹೆಸರು ಹೇಳಿದರೆ ಜನ ಎದ್ದು ನಿಲ್ಲುತ್ತಿದ್ದರು. ಅದು ಹೇಗಾಯಿತೆಂದು ಹೇಳುವ ಹಕ್ಕು ನನಗಿದೆ. ನಡೆದದ್ದೆಲ್ಲ ಸ್ಟೇಷನ್ ಎದುರಿನ ನನ್ನ ಟೀ ಅಂಗಡಿಯ ಬೆಂಚಿನ ಮೇಲೆ; ಇಲ್ಲವೆ ಅಲ್ಲಿಂದ ಕತ್ತು ಚಾಚಿದರೆ ಕಾಣುವಷ್ಟು ದೂರದಲ್ಲಿ.

ಅವರು ಉತ್ತರದ ಚೆಯ್ಯಾರ್ ಕಡೆಯವರು. ನಮ್ಮ ಕರಿಮಣ್ಣು, ಉಪ್ಪುನೀರು, ಮಾತಿನ ಧಾಟಿ ಯಾವುದೂ ಅವರಿಗೆ ಹಿಡಿಸಲಿಲ್ಲ. ಮೊದಲ ದಿನ ನಾನು "ಅಣ್ಣಾಚ್ಚಿ, ಟೀ ಕುಡೀರಿ" ಎಂದೆ. ಊರಲ್ಲಿ ಗೌರವಸ್ಥರನ್ನು ನಾವು ಕರೆಯುವುದೇ ಹಾಗೆ. ಅವರು ಮುಖ ಸಿಂಡರಿಸಿಕೊಂಡು, "ಅಣ್ಣಾಚ್ಚಿ ಅನ್ನಬೇಡಿ. ನಮ್ಮ ಕಡೆ ಅಣ್ಣಾಚ್ಚಿ ಅಂದ್ರೆ ದಿನಸಿ ಅಂಗಡಿಯೋನು. ನಾನು ಕೇಂದ್ರ ಸರ್ಕಾರದ ನೌಕರ" ಎಂದರು. ಅಂದಿನಿಂದ ಅವರು 'ಸಾರ್' ಆದರು.

ಅವರಿದ್ದದ್ದು ಪಂಚಾಯತಿ ಪ್ರೆಸಿಡೆಂಟ್ ಕೊಂಬಯ್ಯನ ಮನೆಯ ಅರ್ಧ ಭಾಗದಲ್ಲಿ. ಇನ್ನರ್ಧದಲ್ಲಿ ಕೊಂಬಯ್ಯ, ಅವನ ಹೆಂಡತಿ ಮಾಡತ್ತಿ, ತಾಯಿ ಪೇಚ್ಚಿಯಾಚ್ಚಿ. ಆಚ್ಚಿ ಅಂದರೆ ಅಜ್ಜಿ; ಊರಿಗೆಲ್ಲ ಅವಳು ಆಚ್ಚಿಯೇ. ಎರಡಕ್ಕೂ ಸೇರಿ ಒಂದೇ ಜಗಲಿ, ಜಗಲಿಯ ಮುಂದೆ ಒಂದು ಮಂಜಣತ್ತಿ ಮರ. ಸೊಟ್ಟ ಕಾಂಡ, ಒರಟು ತೊಗಟೆ, ಬುಡದಲ್ಲಿ ಆಚ್ಚಿಯ ಎಮ್ಮೆ, ಕೊಂಬೆಯಲ್ಲಿ ಮಾಡತ್ತಿಯ ಕೋಳಿಗಳು. ಹಣ್ಣಾದ ಕಾಲಕ್ಕೆ ಕಪ್ಪು ಹಣ್ಣುಗಳು ಟಪಟಪ ಉದುರಿ ಕೊಳೆತು ನಾರುತ್ತಿದ್ದವು. ರೈಲ್ವೆಯವರ ಬಿಳಿ ಪ್ಯಾಂಟಿಗೂ ಆ ಹಣ್ಣಿಗೂ ಹಿಂದಿನ ಜನ್ಮದ ಏನೋ ವೈರ. ಏಕಾಂಬರಂ ಡ್ಯೂಟಿಗೆ ಹೊರಟಾಗಲೆಲ್ಲ ಒಂದು ಉದುರುತ್ತಿತ್ತು.

"ಪ್ರೆಸಿಡೆಂಟರೇ, ಈ ದರಿದ್ರ ಮರದ ಹೆಸರೇನು?"

"ಮಂಜಣತ್ತಿ ಸಾರ್."

"ಕಡಿಸಿಬಿಡಿ. ಮನೆಯವಳು ಹೆರಿಗೆ ಮುಗಿಸ್ಕೊಂಡು ತವರಿಂದ ಬರ್ತಾ ಇದ್ದಾಳೆ. ಎಳೇ ಮಗುವಿನ ತಲೆ ಮೇಲೆ ಬಿದ್ರೆ?"

"ಕಡಿಸೋಣ ಸಾರ್, ಅದಕ್ಕೇನು. ಒಲೆಗೂ ಆಗುತ್ತೆ" ಎಂದ ಕೊಂಬಯ್ಯ. ಕೊಂಬಯ್ಯ ಯಾರಿಗೂ ಇಲ್ಲವೆನ್ನುವವನಲ್ಲ. ಅದಕ್ಕೇ ಪ್ರೆಸಿಡೆಂಟ್ ಆಗಿದ್ದ.

ಹೀಗಿರುವಾಗ ಒಂದು ಸಂಜೆ ಪೇಚ್ಚಿಯಾಚ್ಚಿ ಜಗಲಿಯಲ್ಲಿ ಕೂತು ಮಂಡಿ ಹಿಡಿದುಕೊಂಡು ನರಳುತ್ತಿದ್ದಳು. ಏಕಾಂಬರಂ ಪಕ್ಕದಲ್ಲಿ ಪೇಪರ್ ಓದುತ್ತಿದ್ದರು. ನಾನು ಗ್ಲಾಸು ವಾಪಸು ತರಲು ಹೋಗಿದ್ದೆ.

"ಮುರುಗಾ, ಈ ಮಂಡಿ ಕಿತ್ತು ಕಾಗೆಗೆ ಹಾಕಬಾರದಾ! ಆಸ್ಪತ್ರೆ ಮುಲಾಮು ಹಚ್ಚಿ ಹಚ್ಚಿ ಸೀರೆ ನಾರ್ತಾ ಇದೆ. ನೋವು ಮಾತ್ರ ಗಟ್ಟಿಯಾಗಿ ಕೂತಿದೆ."

ಏಕಾಂಬರಂ ಪೇಪರಿನಿಂದ ತಲೆಯೆತ್ತದೆ, "ನಮ್ಮ ಕಡೆ ಇದನ್ನ ಕಾಯಿಲೆ ಅಂತಾನೇ ಅನ್ನಲ್ಲ. ನುಣಾ ಎಲೆ ಬಿಸಿ ಮಾಡಿ ಕಟ್ಟಿದ್ರೆ ಎದ್ದು ಓಡಾಡ್ತಾರೆ" ಎಂದರು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆಚ್ಚಿ ನರಳಾಟ ನಿಲ್ಲಿಸಿ ಅವರತ್ತ ನೋಡಿದಳು. ಈ ಊರಿಗೆ ಬಂದಾಗಿನಿಂದ ಏಕಾಂಬರಂ ಅವರನ್ನು ಯಾರೂ ಹಾಗೆ ನೋಡಿರಲಿಲ್ಲ. ಜನ ಅವರನ್ನು ನೋಡುತ್ತಿದ್ದದ್ದು ಕಿಂಡಿಯ ಮೂಲಕ, ಚಿಲ್ಲರೆಗೋಸ್ಕರ.

"ತಂಬಿ, ನಿನಗೆ ವೈದ್ಯ ಗೊತ್ತಾ?"

ಏಕಾಂಬರಂ ಪೇಪರ್ ಮಡಚಿದರು. "ನಮ್ಮ ತಾತ ಏಳೂರಿಗೆ ವೈದ್ಯರು."

"ಹೌದಾ! ಆ ನುಣಾ ಎಂಥ ಮರ ತಂಬಿ?"

ಇಲ್ಲೊಂದು ಸಂಕಟವಿತ್ತು. ಏಕಾಂಬರಂ ಚಿಕ್ಕವರಿದ್ದಾಗ ನುಣಾ ಎಲೆಯನ್ನು ಕಂಡಿದ್ದದ್ದು ನಿಜ. ಆದರೆ ಅಜ್ಜಿಯ ಕೈಯಲ್ಲಿ, ಅರೆದು ಉಂಡೆ ಮಾಡಿದ ಮೇಲೆ. ಮರವನ್ನು ಅವರು ನೋಡಿದವರಲ್ಲ. 'ಗೊತ್ತಿಲ್ಲ' ಎಂಬ ಮಾತು ಅವರ ಬಾಯಲ್ಲಿ ಎಂದೂ ಬಂದದ್ದಿಲ್ಲ. ರೈಲು ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳಿದರೂ ಅವರು ಏನಾದರೊಂದು ಹೊತ್ತು ಹೇಳಿಯೇ ಹೇಳುತ್ತಿದ್ದರು.

"ದೊಡ್ಡ ಮರ."

"ಎಷ್ಟು ದೊಡ್ಡದು?"

ಅವರ ಕಣ್ಣು ಸುತ್ತಲೂ ಹುಡುಕಿ ಸ್ಟೇಷನ್ನಿನ ಸಿಗ್ನಲ್ ಕಂಬದ ಮೇಲೆ ನಿಂತಿತು. "ಅಷ್ಟು."

"ಅಮ್ಮಾಡಿ! ಹೂವು?"

"ಬಿಡುತ್ತೆ. ಬಿಳೀದು."

"ಹಣ್ಣು?"

"ಅದೂ ಬಿಡುತ್ತೆ."

"ತಿನ್ನಬಹುದಾ?"

"ತಿನ್ನೋರು ತಿಂತಾರೆ ಆಚ್ಚಿ" ಎಂದು ಹೇಳಿ ಏಕಾಂಬರಂ ಎದ್ದು ಒಳಗೆ ಹೋದರು. ವೈದ್ಯರಿಗೆ ಎಲ್ಲಿ ಎದ್ದು ಹೋಗಬೇಕೆಂಬುದು ಗೊತ್ತಿರಬೇಕು.

ಮರುದಿನದಿಂದ ಆಚ್ಚಿ ಜಗಲಿ ಬಿಟ್ಟು ಇಳಿಯಲಿಲ್ಲ. ಅಲ್ಲಿಯವರೆಗೆ ನರಳಿಕೊಂಡಾದರೂ ಬಾವಿಗೆ ಹೋಗಿ ಬರುತ್ತಿದ್ದವಳು, ಎಮ್ಮೆಗೆ ಬೈಯಲಾದರೂ ಏಳುತ್ತಿದ್ದವಳು, ಈಗ ಕಾಲು ಚಾಚಿ ಕೂತುಬಿಟ್ಟಳು. ತಿರುನೆಲ್ವೇಲಿಯ ದೊಡ್ಡಾಸ್ಪತ್ರೆಗೆ ಕರೆದೊಯ್ಯಲು ಕೊಂಬಯ್ಯ ಕಾರು ತರಿಸಿದರೆ ಕಾರನ್ನೇ ಬೈದು ಕಳಿಸಿದಳು.

"ನುಣಾ ಬರ್ಲಿ, ಏಳ್ತೀನಿ. ಇಲ್ಲಾಂದ್ರೆ ಇಲ್ಲಿಂದ್ಲೇ ಎತ್ಕೊಂಡು ಹೋಗಿ. ದಾರಿ ನಿಮಗೆ ಗೊತ್ತಲ್ಲ."

ಕೊಂಬಯ್ಯ ನನ್ನ ಬೆಂಚಿನ ಮೇಲೆ ಬಂದು ಕೂತ. "ಪಿಚ್ಚೈಯಾ ಅಣ್ಣಾಚ್ಚಿ, ಅವಳು ಕೂತಲ್ಲೇ ಇದ್ರೆ ಕಾಲು ಮರಗಟ್ಟಿ ಹೋಗುತ್ತೆ ಅಂತ ಡಾಕ್ಟರ್ ಹೇಳ್ತಾರೆ. ಎಲೆ ಇಲ್ದೆ ಎದ್ದೇಳಲ್ಲ ಅಂತ ಅವಳು ಹೇಳ್ತಾಳೆ. ಎಲೆ ಎಲ್ಲಿದೆ ಅಂತ ಯಾವನೂ ಹೇಳಲ್ಲ." ಅವನ ಟೀ ಆರಿಹೋಯಿತು. ನಾನು ಮತ್ತೊಂದು ಕೊಟ್ಟೆ, ಅದೂ ಆರಿಹೋಯಿತು.

ಅವನು ಕೋವಿಲ್‌ಪಟ್ಟಿಯ ನಾಟಿ ಮದ್ದಿನ ಅಂಗಡಿಗೆ ಹೋದ. ಅಂಗಡಿಯವನು ಗಲ್ಲ ಕೆರೆದುಕೊಂಡು, "ನುಣಾನಾ? ಮೊನ್ನೆ ತನಕ ಇತ್ತಲ್ಲಾ! ಅದು ಪೊದಿಗೈ ಬೆಟ್ಟದ ತುದಿಯಿಂದ ಬರಬೇಕು. ಮಳೆ ಬೀಳ್ಲಿ ನೋಡೋಣ" ಎಂದು ಯಾವುದೋ ಬೇರು ಕಟ್ಟಿಕೊಟ್ಟ. ಹೀಗೆ ನುಣಾ ಮರ ಬೆಟ್ಟ ಹತ್ತಿತು.

ಆ ವಾರ ಫಾರೆಸ್ಟರ್ ಪರಮಾನಂದಂ ಟೀಗೆ ಬಂದಾಗ ಕೊಂಬಯ್ಯ ಅವರನ್ನೂ ಕೇಳಿದ. ಪರಮಾನಂದಂ ಗ್ಲಾಸಿನೊಳಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಊದಿದರು. ಆಮೇಲೆ ದನಿ ತಗ್ಗಿಸಿ, "ಪ್ರೆಸಿಡೆಂಟರೇ, ಅದನ್ನೆಲ್ಲ ಹೀಗೆ ಬಹಿರಂಗವಾಗಿ ಕೇಳಬಾರದು. ಅದು ಕಾಯ್ದಿಟ್ಟ ಜಾತಿ. ಎಲೆ ಕಿತ್ತರೂ ಕೇಸು" ಎಂದರು.

ಕೇಸು ಎಂಬ ಮಾತು ಬಿದ್ದದ್ದೇ ತಡ, ನುಣಾದ ಬೆಲೆ ಆಕಾಶಕ್ಕೇರಿತು. ಸರ್ಕಾರ ಬಚ್ಚಿಟ್ಟಿದೆ ಎಂದ ಮೇಲೆ ಅದರಲ್ಲಿ ಏನೋ ಇರಲೇಬೇಕು. ಅದರ ನೆರಳಲ್ಲಿ ಚಿರತೆ ಮಲಗುತ್ತದೆ ಎಂದು ನೇಕಾರರ ಬೀದಿಯಲ್ಲಿ ಹೇಳಿದರು. ಗಬ್ಬವಾಗದ ಹಸುವಿಗೆ ಅದರ ಹೊಗೆ ತೋರಿಸಿದರೆ ಸಾಕೆಂದು ದನದ ದಲ್ಲಾಳಿಗಳು ಹೇಳಿದರು. ಮೇಷ್ಟರೊಬ್ಬರು ನನ್ನ ಅಂಗಡಿಯಲ್ಲೇ, ಹಳೇ ಓಲೆಗರಿಗಳಲ್ಲಿ ಇದರ ವಿಷಯವಿದೆ, ಆದರೆ ಆ ಗರಿ ಮಾತ್ರ ಗೆದ್ದಲು ತಿಂದಿದೆ ಎಂದರು.

ಮರ ಕಾಣದಿದ್ದರೂ ಮರ ಬಲ್ಲವರು ಕಣ್ಣೆದುರಿಗೇ ಇದ್ದರು. ಹಳ್ಳಿಹಳ್ಳಿಯಿಂದ ಜನ ಎಲೆ ಹಿಡಿದುಕೊಂಡು ಟಿಕೆಟ್ ಕಿಂಡಿಯ ಮುಂದೆ ಸಾಲು ನಿಂತರು. ಏಕಾಂಬರಂ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಬರತೊಡಗಿದರು. ಒಂದೊಂದೇ ಎಲೆ ಮೂಸಿ, ಕಣ್ಣು ಮುಚ್ಚಿ, "ಅಲ್ಲ" ಎನ್ನುತ್ತಿದ್ದರು. ಯಾವುದಕ್ಕಾದರೂ "ಹೌದು" ಎಂದರೆ ಕಟ್ಟಿ ವಾಸಿ ಮಾಡಿ ತೋರಿಸಬೇಕಲ್ಲ! ಕೆಲವರು ಕಿಂಡಿಯೊಳಗೆ ಕೈ ತೂರಿಸಿ ನಾಡಿ ನೋಡಿಸಿಕೊಂಡರು. ವಿರುದುನಗರಕ್ಕೆ ಒಂದು ಟಿಕೆಟ್ ಕೇಳಲು ಕೈ ಚಾಚಿದ ಜವಳಿ ವ್ಯಾಪಾರಿಯ ಮಣಿಕಟ್ಟು ಹಿಡಿದು, "ಪಿತ್ತ ಜಾಸ್ತಿಯಾಗಿದೆ, ಕಡಲೆ ಮಿಠಾಯಿ ಬಿಡಿ" ಎಂದರಂತೆ. ಅಷ್ಟರಲ್ಲಿ ಅವನ ರೈಲು ಹೋಯಿತು. ಸ್ಟೇಷನ್ ಮಾಸ್ಟರು ಕೆಂಡಾಮಂಡಲವಾದರು. ಸಂಜೆ ಅವರೂ ಸೊಂಟ ನೋವೆಂದು ಬಂದರು.

ಮಾಡತ್ತಿಗೆ ಮಾತ್ರ ಮೊದಲಿಂದಲೂ ಅನುಮಾನ. ಅವಳು ಒಂದು ದಿನ ಮೊರದ ತುಂಬ ಊರಿನ ಎಲೆಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಜಗಲಿಗೆ ತಂದಳು.

"ವೈದ್ಯರೇ, ಇದು?"

"ಎಕ್ಕ."

"ಇದು?"

"ಬೇವಮ್ಮಾ, ಬೇವು."

"ಇದು?"

ಏಕಾಂಬರಂ ಎಲೆಯನ್ನು ಮೂಸಿ ನೋಡಿ ಬಿಸಾಡಿದರು. "ಏನಮ್ಮಾ, ಪರೀಕ್ಷೆ ಮಾಡ್ತೀಯಾ? ಮಂಜಣತ್ತಿ! ನನ್ನ ಪ್ಯಾಂಟುಗಳನ್ನೆಲ್ಲ ಹಾಳು ಮಾಡಿದ್ದು. ಇದನ್ನ ನನಗೆ ಕಲಿಸ್ತೀಯಾ? ಪ್ರೆಸಿಡೆಂಟರೇ, ಯಾವಾಗ ಕಡಿಸ್ತೀರಿ?"

"ಶುಕ್ರವಾರ" ಎಂದ ಕೊಂಬಯ್ಯ. ವೈದ್ಯರನ್ನು ಸಂತೋಷವಾಗಿಟ್ಟರೆ ಎಲೆ ಎಲ್ಲಿದೆಯೆಂದು ಬಾಯಿಬಿಟ್ಟಾರು ಎಂಬ ಆಸೆ ಅವನಿಗೆ.

ಶುಕ್ರವಾರ ಬೆಳಿಗ್ಗೆ ಶುಡಲೈ ಎಂಬ ಆಳು ಕೊಡಲಿ ತಂದ. ಎಮ್ಮೆಯನ್ನು ಬಿಚ್ಚಿ ಬೇರೆಡೆ ಕಟ್ಟಿದರು. ಕೋಳಿಗಳು ತಾವಾಗಿಯೇ ಹೋದವು. ಮೊದಲ ಏಟು ಬಿತ್ತು, ತೊಗಟೆ ಹಾರಿ ಒಳಗಿನ ಮರ ಅರಿಶಿನ ಬಳಿದ ಹಾಗೆ ಹಳದಿಯಾಗಿ ಕಂಡಿತು. ಎರಡನೆಯ ಏಟಿಗೆ ಅವನು ಕೊಡಲಿ ಎತ್ತಿದಾಗ ಬೆಳಗಿನ ರೈಲು ಇಳಿದ ಮೂವರು ಬೀದಿಗೆ ಬಂದರು. ಏಕಾಂಬರಂ ಅವರ ಹೆಂಡತಿ ಧನಕೋಟಿ, ಅವಳ ತೋಳಲ್ಲಿ ಮಗು, ಇಬ್ಬರ ಮುಂದೆ ತಲೆಯ ಮೇಲೆ ಗಂಟು ಹೊತ್ತ ಧನಕೋಟಿಯ ತಾಯಿ ಕನ್ನಿಯಮ್ಮಾಳ್.

ಕನ್ನಿಯಮ್ಮಾಳ್ ಗಂಟನ್ನು ಬೀದಿಯಲ್ಲೇ ಎಸೆದು ಓಡಿ ಬಂದಳು.

"ಅಯ್ಯೋ ಪಾಪಿ! ಹಸುಗೂಸು ಮನೆಗೆ ಬರೋ ಹೊತ್ನಲ್ಲಿ ನುಣಾ ಮರಕ್ಕೆ ಕೊಡಲಿ ಹಾಕ್ತೀಯಾ?"

ಶುಡಲೈಯ ಕೊಡಲಿ ಮೇಲೆಯೇ ನಿಂತಿತು. ನನ್ನ ಕೈಯಲ್ಲಿದ್ದ ಟೀ ಸೋಸುವ ಬಟ್ಟೆಯಿಂದ ಟೀ ನೆಲಕ್ಕೆ ಸುರಿಯಿತು. ಜಗಲಿಯಲ್ಲಿ ಪೇಚ್ಚಿಯಾಚ್ಚಿ, "ಯಾವ ಮರ ಅಂದೆ?" ಎಂದು ಕೇಳಿದಳು.

"ನುಣಾ. ಕಣ್ಣು ಕಾಣಲ್ವಾ? ಇದೇ!"

"ಇದು ಮಂಜಣತ್ತಿ ಕಣಮ್ಮಾ" ಎಂದ ಕೊಂಬಯ್ಯ, ಮಗುವಿಗೆ ಹೇಳುವ ಹಾಗೆ.

"ಯಾವತ್ತಿ? ಹುಟ್ಟಿದಾಗಿಂದ ನೋಡ್ತಾ ಇದೀನಿ, ಇದು ನುಣಾ."

"ನಾವೂ ಹುಟ್ಟಿದಾಗಿಂದ ನೋಡ್ತಾ ಇದೀವಿ. ನುಣಾ ಪೊದಿಗೈ ತುದೀಲಿ, ಸಿಗ್ನಲ್ ಕಂಬದಷ್ಟು ಎತ್ತರ. ಏಳೂರು ವೈದ್ಯರ ಮೊಮ್ಮಗ ನಿಮ್ಮ ಅಳಿಯಂದಿರೇ ಹೇಳಿದ್ದು."

"ಯಾರ ಮೊಮ್ಮಗ?" ಕನ್ನಿಯಮ್ಮಾಳ್, ಮರ ಕಡಿಯುವುದನ್ನು ನೋಡಲು ನಿಂತಿದ್ದ ಅಳಿಯನತ್ತ ತಿರುಗಿದಳು. ಅಳಿಯ ಕೈಬೀಸಿ ಏನೋ ಸನ್ನೆ ಮಾಡಿದರು. ಸನ್ನೆ ಅರ್ಥವಾಗುವ ಜಾತಿಯ ಹೆಂಗಸಲ್ಲ ಅದು. "ಮಣ್ಣಾಂಗಟ್ಟಿ ತಾತನ ವಿಷಯನಾ? ಅವರು ವೈದ್ಯರ ಕುದುರೆಗೆ ಹುಲ್ಲು ಹಾಕ್ತಿದ್ರು. ಏಳೂರು ಸುತ್ತಿದ್ದೇನೋ ನಿಜ. ಕುದುರೆ ಲಗಾಮು ಹಿಡ್ಕೊಂಡು."

ಬೀದಿಯಲ್ಲಿ ಅಷ್ಟು ಜನ ಒಟ್ಟಿಗೆ ಕೆಮ್ಮಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಏಕಾಂಬರಂ ಮುಖ ಹಣೆಯ ವಿಭೂತಿಗಿಂತ ಬಿಳಿಚಿತು. ಅವರು ಮಗುವನ್ನು ಎತ್ತಿಕೊಳ್ಳುವ ನೆಪದಲ್ಲಿ ಹೆಂಡತಿಯ ಹಿಂದೆ ನಿಂತರು. ಮಗು ಅವರನ್ನು ಮೊದಲ ಸಲ ನೋಡಿ ಕಿರುಚಿಕೊಂಡಿತು.

ಆದರೆ ಇಷ್ಟಾದರೂ ಊರು ಒಪ್ಪಲಿಲ್ಲ ನೋಡಿ! ಏಕಾಂಬರಂ ಸುಳ್ಳರಿರಬಹುದು, ನುಣಾ ಸುಳ್ಳಾಗಲು ಸಾಧ್ಯವೆ? ಚಿರತೆ ಮಲಗುವ ಮರ, ಸರ್ಕಾರ ಬಚ್ಚಿಟ್ಟ ಮರ, ನಮ್ಮ ಕೋಳಿ ಹತ್ತುವ ಮರವಾಗುವುದು ಹೇಗೆ? ಮಾಡತ್ತಿ ಬೇರೆ, "ನನ್ನ ತವರಲ್ಲಿ ಇದನ್ನ ಮಂಜನಾರಿ ಅಂತೀವಿ. ಇಲ್ಲಿಗೆ ಬಂದ್ಮೇಲೆ ಅತ್ತೆ ಬೈದು ಬೈದು ಮಂಜಣತ್ತಿ ಮಾಡಿದ್ರು" ಎಂದು ಮೂರನೆಯ ಹೆಸರು ತಂದಿಟ್ಟಳು. ಗಲಾಟೆ ಹೆಚ್ಚಿ ಫಾರೆಸ್ಟರ್ ಪರಮಾನಂದಂ ಅವರಿಗೆ ಹೇಳಿಕಳಿಸಿದರು.

ಪರಮಾನಂದಂ ಬಂದು ಮರದ ಸುತ್ತ ನಡೆದರು. ಅವರದು ಇನ್ನೂ ದೊಡ್ಡ ಸಂಕಟ. ನುಣಾ ಎಂದರೆ ಎಲೆ ಕಿತ್ತರೂ ಕೇಸು ಎಂದು ಅವರೇ ಹೇಳಿದ್ದರು. ಆ ಲೆಕ್ಕದಲ್ಲಿ ಆಚ್ಚಿಯ ಎಮ್ಮೆಯೇ ಮೊದಲ ಆರೋಪಿ. ಮಂಜಣತ್ತಿ ಎಂದರೆ ಬರೀ ಸೌದೆ.

"ಮೇಲಿನವರನ್ನ ಕೇಳಿ ಹೇಳ್ತೀನಿ" ಎಂದರು ಕೊನೆಗೆ. "ಅಲ್ಲೀವರ್ಗೂ ಮರ ಎಲ್ಲಾ ಹೆಸರಲ್ಲೂ ನಿಂತಿರ್ಲಿ. ಯಾರೂ ಮುಟ್ಟಬೇಡಿ." ಮೇಲಿನವರನ್ನು ಅವರು ಕೇಳಿದರೋ ಇಲ್ಲವೋ, ಇಂದಿಗೂ ಉತ್ತರ ಬಂದಿಲ್ಲ.

ಜನ ಚದುರಿದರು. ಜಗಲಿಯಲ್ಲಿ ಪೇಚ್ಚಿಯಾಚ್ಚಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಕನ್ನಿಯಮ್ಮಾಳ್ ಒಂದಷ್ಟು ಎಲೆ ಕಿತ್ತುಕೊಂಡು ಪಕ್ಕದಲ್ಲಿ ಬಂದು ಕೂತಳು.

"ಹೋಗಮ್ಮಾ" ಎಂದಳು ಆಚ್ಚಿ. "ನನ್ನ ಎಮ್ಮೆ ಮೈ ಉಜ್ಜೋ ಮರ ನನ್ನ ಮಂಡಿಗೆ ಮದ್ದಂತೆ. ಕೂತ ಮುದುಕೀನ ಎಲ್ರೂ ಸೇರಿ ಆಟ ಆಡಿಸ್ತೀರಾ?" ಅವಳ ಕಣ್ಣಲ್ಲಿ ನೀರಿತ್ತು. ಬಾರದ ಎಲೆಯ ದಾರಿ ನೋಡುತ್ತ ಕೂತವಳಿಗೆ ಎಲೆ ಇಷ್ಟು ಹತ್ತಿರದಲ್ಲಿತ್ತೆಂಬುದು ಅವಮಾನವಾಗಿ ಕಂಡಿರಬೇಕು.

ಕನ್ನಿಯಮ್ಮಾಳ್ ವಾದ ಮಾಡಲಿಲ್ಲ. ಎಲೆಯ ಧೂಳು ಒರೆಸುತ್ತ, "ನಿಮ್ಮ ಕಡೆ ಈ ಮರದಲ್ಲಿ ಏನು ಮಾಡ್ತೀರಿ?" ಎಂದು ಕೇಳಿದಳು.

ಆಚ್ಚಿ ಗೋಡೆಗೇ ಹೇಳುವ ಹಾಗೆ, "ನೊಗ ಮಾಡ್ತೀವಿ. ಹಗುರ ಇರುತ್ತೆ, ಎತ್ತಿನ ಕತ್ತು ಉಳಿಯುತ್ತೆ" ಎಂದಳು.

"ನಾವೂ ನೊಗಾನೇ ಮಾಡೋದು. ಕಾಯಿ?"

"ಉಪ್ಪು ಹಾಕಿ ಸುಟ್ಟು ಪುಡಿ ಮಾಡಿ ಹಲ್ಲು ಉಜ್ತೀವಿ."

"ಅಯ್ಯೋ, ನಮ್ಮಮ್ಮನೂ ಹಾಗೇ! ಹಣ್ಣು?"

ಆಚ್ಚಿ ಗೋಡೆ ಬಿಟ್ಟು ಇತ್ತ ತಿರುಗಿದಳು. "ಚಿಕ್ಕೋರಿದ್ದಾಗ ತಿಂತಿದ್ವಿ. ನಾಲಿಗೆ ಕಪ್ಪಾಗಿ ಮನೇಲಿ ಸಿಕ್ಕಿಬೀಳ್ತಿದ್ವಿ. ನೀವು ಎಳೇ ಕಾಯೀಲಿ ಗಾಡಿ ಮಾಡ್ತಿದ್ರಾ?"

"ಪೊರಕೆಕಡ್ಡಿ ಚುಚ್ಚಿ?"

"ಪೊರಕೆಕಡ್ಡೀನೇ! ಇನ್ನೇನು ಚುಚ್ತಾರೆ?"

ಕನ್ನಿಯಮ್ಮಾಳ್ ಕೈಗೆ ಸಿಕ್ಕ ಎಳೆಗಾಯಿಗಳಿಗೆ ಕಡ್ಡಿ ಚುಚ್ಚಿ ಅಲ್ಲೇ ಒಂದು ಗಾಡಿ ಮಾಡಿದಳು. ಆಚ್ಚಿ ಅದನ್ನು ತೆಗೆದುಕೊಂಡು, "ಹಿಂದಿನ ಚಕ್ರ ದೊಡ್ಡದಿರಬೇಕು ಕಣೇ, ನಿಮ್ಮೂರಲ್ಲಿ ಗಾಡಿ ನೋಡಿಲ್ವಾ?" ಎಂದು ಬಿಚ್ಚಿ ಸರಿಮಾಡಿದಳು. ಜಗಲಿಯ ಮೇಲೆ ಎರಡು ಮುದಿ ಕೈಗಳು ಆ ಗಾಡಿಯನ್ನು ಅತ್ತಿಂದಿತ್ತ ಉರುಳಿಸುವುದನ್ನು ನಾನು ಅಂಗಡಿಯಿಂದಲೇ ಕಂಡೆ. ಗಿರಾಕಿಗಳು ಕೂಗಿದರೂ ಕೇಳಿಸಲಿಲ್ಲ.

ಆಮೇಲೆ ಆಚ್ಚಿ ಕಾಲು ಚಾಚಿದಳು. "ಕಟ್ಟು. ಆದ್ರೆ ಮರಕ್ಕೆ ನಿಮ್ಮೂರಿನ ಹೆಸರು ಹೇಳ್ಕೊಂಡೇ ಕಟ್ಟು. ಮಂಜಣತ್ತಿಗೆ ನಾನು ಸಲುಗೆ ಜಾಸ್ತಿ ಕೊಟ್ಟುಬಿಟ್ಟಿದ್ದೀನಿ, ಅದು ನನ್ನ ಮಾತು ಕೇಳಲ್ಲ. ನುಣಾ ಹೊಸಬಳು. ಸ್ವಲ್ಪ ಹೆದರ್ತಾಳೆ."

ಹರಳೆಣ್ಣೆ ಸವರಿ ಬಿಸಿಮಾಡಿದ ಎಲೆ ಕಟ್ಟಿದರು. ದಿನಾ ಸಂಜೆ ಕನ್ನಿಯಮ್ಮಾಳ್ ಕಾಲು ನೀವುವುದು, ಆಚ್ಚಿ ಸೊಸೆಯನ್ನು, ಕನ್ನಿಯಮ್ಮಾಳ್ ಅಳಿಯನನ್ನು ಬೈದುಕೊಳ್ಳುವುದು. ಕೆಲವು ದಿನಗಳಲ್ಲಿ ಆಚ್ಚಿ ಕೋಲೂರಿಕೊಂಡು ಬಾವಿಯವರೆಗೆ ಹೋದಳು. ಎಲೆಯಿಂದಲೋ, ಎಣ್ಣೆಯಿಂದಲೋ, ನೀವಿದ್ದರಿಂದಲೋ, ಬೈದದ್ದರಿಂದಲೋ ಹೇಳಲು ನಾನು ವೈದ್ಯನಲ್ಲ. ಕೊಂಬಯ್ಯ ಅಂದು ನನ್ನ ಟೀಯನ್ನು ಬಿಸಿಬಿಸಿಯಾಗಿ ಕುಡಿದ.

ಏಕಾಂಬರಂ ಆ ದಿನಗಳಲ್ಲಿ ಹಿಂಬಾಗಿಲಿನಿಂದ ಡ್ಯೂಟಿಗೆ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಆಚ್ಚಿ ಹಿಂಬಾಗಿಲಲ್ಲೇ ಕಾದು ಹಿಡಿದಳು.

"ಯಾಕೆ ತಂಬಿ, ಕಳ್ಳನ ಹಾಗೆ?"

"ಆಚ್ಚಿ... ತಾತ ವೈದ್ಯರಲ್ಲ. ನಾನು ಮರಾನೂ ನೋಡಿರ್ಲಿಲ್ಲ."

"ಅದು ಊರಿಗೇ ಗೊತ್ತು. ಎಲೆ ಹೆಸರು ಹೇಳಿದ್ದು ನೀನು ತಾನೆ? ಮುಂದುಗಡೆಯಿಂದ ಹೋಗು. ಕುದುರೆ ಹಿಡಿದೋರ ಮೊಮ್ಮಗ ಅಂದ್ರೆ ಅದೇನು ಕಮ್ಮೀನಾ? ಕುದುರೆ ಕಚ್ಚುತ್ತೆ, ರೋಗಿ ಕಚ್ಚಲ್ಲ."

ಕನ್ನಿಯಮ್ಮಾಳ್ ಊರಿಗೆ ಹೊರಟ ದಿನ ಪೇಚ್ಚಿಯಾಚ್ಚಿ ಸ್ಟೇಷನ್ನಿನವರೆಗೆ ನಡೆದೇ ಬಂದಳು. ತಾಳೆಬೆಲ್ಲದ ಗಂಟನ್ನು ಕಿಟಕಿಯೊಳಗೆ ತೂರಿಸಿದಳು. ಇಬ್ಬರೂ ಮೂಗು ಒರೆಸಿಕೊಂಡರು. ಗಾರ್ಡ್ ಹಸಿರು ಬಾವುಟ ಬಿಚ್ಚಿದ. ಆಗ ಕನ್ನಿಯಮ್ಮಾಳ್ ಹಳಿಯಾಚೆಯ ಮುಳ್ಳುಪೊದೆಗಳತ್ತ ನೋಡಿ, "ನಿಮ್ಮೂರಲ್ಲೂ ಈ ಹಾಳು ವೇಲಿಕ್ಕಾತ್ತಾನ್ ತುಂಬ್ಕೊಂಡಿದೆ" ಎಂದಳು.

"ಯಾವುದು?"

"ಆ ಮುಳ್ಳು ಮರ."

"ಅದು ಸೀಮೈಕ್ಕರುವೇಲ್."

"ವೇಲಿಕ್ಕಾತ್ತಾನ್!"

"ಕರುವೇಲ್ ಅಂತ ಹೇಳ್ತಾ ಇಲ್ವಾ!"

ಪ್ಲಾಟ್‌ಫಾರಂ ಎರಡು ಪಕ್ಷವಾಯಿತು. ಬಾವುಟ ಹಿಡಿದ ಗಾರ್ಡ್ ಓಡಿ ಬಂದು, "ಏನ್ರೀ ಇದು? ಟಿಕೆಟ್ ಸಾರ್, ನೀವಾದ್ರೂ ಹೇಳಿ ಮುಗಿಸಿ. ಆ ಮರದ ಹೆಸರೇನು?" ಎಂದ.

ಎಲ್ಲರೂ ಏಕಾಂಬರಂ ಅವರತ್ತ ತಿರುಗಿದರು. ಅವರು ಬಾಯಿ ತೆರೆದರು. ಮುಳ್ಳುಪೊದೆ ನೋಡಿದರು, ಅತ್ತೆಯನ್ನು ನೋಡಿದರು, ಆಚ್ಚಿಯನ್ನು ನೋಡಿದರು.

"ನನಗೆ ಗೊತ್ತಿಲ್ಲ" ಎಂದರು.

ಹೇಳಿದ ಮೇಲೆ ಸುತ್ತಲೂ ಒಮ್ಮೆ ಕಣ್ಣಾಡಿಸಿದರು. ಸ್ಟೇಷನ್ ಹಾಗೆಯೇ ನಿಂತಿತ್ತು. ಯಾರೂ ನಗಲಿಲ್ಲ. ಅವರಿಗೆ ಅದರ ರುಚಿ ಹತ್ತಿರಬೇಕು. "ನಿಜವಾಗ್ಲೂ ಗೊತ್ತಿಲ್ಲ" ಎಂದು ಇನ್ನೊಂದು ಸಲ ಹೇಳಿದರು.

ಆಗ ಪಕ್ಕದ ಕಿಟಕಿಯಿಂದ ದೊಡ್ಡ ರುಮಾಲಿನ ತಲೆಯೊಂದು ಹೊರಗೆ ಬಂತು. ತಿರುಚ್ಚೆಂದೂರಿಗೆ ಹೋಗಿ ಮರಳುತ್ತಿದ್ದ ಯಾರೋ ದೂರದ ಯಾತ್ರಿಕರು. ಅವರ ಭಾಷೆ ನಮಗೆ ಬಾರದು. ಆದರೆ ಎಲ್ಲರೂ ಬೆರಳು ಮಾಡುತ್ತಿದ್ದ ಕಡೆಗೇ ಅವರೂ ಬೆರಳು ಮಾಡಿ, ಜಗಳ ಬಗೆಹರಿಸುವ ದೊಡ್ಡಸ್ತಿಕೆಯಿಂದ ನಕ್ಕು, "ಬಳ್ಳಾರಿ ಜಾಲಿ!" ಎಂದರು.

ಇಬ್ಬರು ಮುದುಕಿಯರೂ ಅವರತ್ತ ತಿರುಗಿದರು. ಇಬ್ಬರ ಮುಖದಲ್ಲೂ ಒಂದೇ ಮರುಕ.

"ಪಾಪ" ಎಂದಳು ಪೇಚ್ಚಿಯಾಚ್ಚಿ.

"ಮನೇಲಿ ಹೇಳಿಕೊಡೋರು ಯಾರೂ ಇರ್ಲಿಲ್ಲ ಅನ್ಸುತ್ತೆ" ಎಂದಳು ಕನ್ನಿಯಮ್ಮಾಳ್.

ರೈಲು ಹೊರಟಿತು. ಕನ್ನಿಯಮ್ಮಾಳ್ ಎದ್ದು ಆ ಯಾತ್ರಿಕರ ಎದುರಿಗೆ ಹೋಗಿ ಕೂತು, ಕೈಯಾಡಿಸುತ್ತ ಅವರಿಗೆ ಸರಿಯಾದ ಹೆಸರು ಕಲಿಸತೊಡಗಿದ್ದು ತಿರುವಿನವರೆಗೂ ಕಾಣುತ್ತಿತ್ತು.

"ಯಾವುದನ್ನ ಕಲಿಸ್ತಾರೋ?" ಎಂದೆ ನಾನು.

"ಕರುವೇಲ್ ಅಂತಾನೇ ಕಲಿಸ್ತಾಳೆ" ಎಂದಳು ಆಚ್ಚಿ, ಕೋಲು ತಿರುಗಿಸಿ ಮನೆಯತ್ತ ಹೆಜ್ಜೆ ಹಾಕುತ್ತ. "ಅಷ್ಟು ಬೆಲ್ಲ ಸುಮ್ನೆ ಕೊಟ್ಟೆ ಅಂದ್ಕೊಂಡ್ಯಾ?"